ಬಸ್ಸಿನ ನೆಪ

ಓಡುವ ಮನುಷ್ಯ ಸಾಮಾನ್ಯವಾಗಿ ಮುಂದೆ ನೋಡುತ್ತಾನೆ. ನಮ್ಮ ಕನ್ನಡಕದವರು ಮಾತ್ರ ಅಕ್ಕಪಕ್ಕ ನೋಡುತ್ತ ಓಡುತ್ತಿದ್ದರು. ಬೂದುಬಣ್ಣದ ಕೋಟು, ಬಿಗಿದು ಕಟ್ಟಿದ ಬೂಟು, ಕಂಕುಳಲ್ಲಿ ಅವುಚಿಕೊಂಡ ಚರ್ಮದ ಚೀಲ, ಇಷ್ಟು ಸರಂಜಾಮಿನೊಂದಿಗೆ, ಕೈಗಡಿಯಾರದತ್ತ ಆಗಾಗ ಗಾಬರಿಯ ದೃಷ್ಟಿ ಬೀರುತ್ತ ಬೆಳಗಿನ ಬೀದಿಯಲ್ಲಿ ಧಾವಿಸುವ ಅವರನ್ನು ಕಂಡವರಿಗೆ, ಪಾಪ, ಬಸ್ಸು ತಪ್ಪಿತೆಂದೇ ತೋರುತ್ತಿತ್ತು. ಹಾಗೆ ತೋರಲೆಂದೇ ಅಷ್ಟೆಲ್ಲ ವೇಷ. ಸೇತುವೆಯ ತನಕ ಓಡಿ, ಬೆವರೊರೆಸಿಕೊಂಡು, ಆಮೇಲಿನ ಬಸ್ಸಿನಲ್ಲಿ ಅವರು ಊರಾಚೆಯ ತಮ್ಮ ಕನ್ನಡಕದ ಅಂಗಡಿಗೆ ಹೋಗುತ್ತಿದ್ದರು.

ವ್ಯಾಯಾಮವೆಂದರೆ ಅವರಿಗೆ ಮೊದಲಿನಿಂದಲೂ ಅಲರ್ಜಿ. ಶಾಲೆಯ ಓಟದ ಪಂದ್ಯದಲ್ಲಿ ಮುಂದಿನ ಪಂದ್ಯದವರು ಸಾಲಾಗಿ ಬಂದು ನಿಂತರೂ ಇವರು ಹಿಂದಿನದನ್ನೇ ಇನ್ನೂ ಓಡುತ್ತಿದ್ದರಂತೆ. ಅಂದು ಮೈದಾನವೆಲ್ಲ ನಕ್ಕ ನಗು ಐವತ್ತು ದಾಟಿದ ಮೇಲೂ ಅವರ ಬೆನ್ನು ಬಿಟ್ಟಿರಲಿಲ್ಲ. ಮಹಡಿ ಹತ್ತಿದರೆ ಏದುಸಿರು ಬರುತ್ತದೆಂದು ವೈದ್ಯರ ಬಳಿ ಹೋದವರಿಗೆ, ಮಾತ್ರೆಯ ಬದಲು "ದಿನಾ ಸ್ವಲ್ಪ ಓಡಿ" ಎಂಬ ಅಪ್ಪಣೆ ಸಿಕ್ಕಿತು. ಮನೆಯಲ್ಲಿ ಹೆಂಡತಿಗೆ "ಏನೂ ಇಲ್ವಂತೆ" ಎಂದಷ್ಟೇ ಹೇಳಿ, ಮಾರನೆಯ ದಿನ ಕೋಟಿನಲ್ಲೇ ಓಡತೊಡಗಿದರೆ, ಮೊದಲ ತಿರುವಿನಲ್ಲೇ ಹಳೆಯ ಗಿರಾಕಿಯೊಬ್ಬ ಎದುರಾದ.

"ಏನ್ ಸಾರ್, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?"

"ಬಸ್ಸು... ಬಸ್ಸು ಹೋಗ್ಬಿಡುತ್ತೆ," ಎಂದರು ಕನ್ನಡಕದವರು. ಬಾಯಿಗೆ ಬಂದ ಆ ಸುಳ್ಳನ್ನೇ ಅವರು ಮರುದಿನದಿಂದ ಕೋಟಿನ ಜೊತೆಗೆ ತೊಟ್ಟುಕೊಂಡರು.

ಮೊದಮೊದಲು ಪಕ್ಕೆಯಲ್ಲಿ ಚಳುಕು, ಬಾಯಲ್ಲಿ ಕಹಿ, ಮನಸ್ಸಿನಲ್ಲಿ ವೈದ್ಯರಿಗೆ ಸಹಸ್ರನಾಮಾರ್ಚನೆ. ಚೀಲದೊಳಗೆ ಊಟದ ಡಬ್ಬಿ ಹೆಜ್ಜೆಹೆಜ್ಜೆಗೂ ಗಡಗಡ ಸದ್ದು ಮಾಡಿ ಬೀದಿಗೆಲ್ಲ ಇವರ ಸುದ್ದಿ ಸಾರುತ್ತಿತ್ತು. ನಾಚಿಕೆಗೆ ಒಂದು ದಿನ ಆ ಸದ್ದು ನಿಲ್ಲುವಷ್ಟು ಮೆಲ್ಲಗೆ ಓಡಿ ನೋಡಿದರು. ಡಬ್ಬಿ ಸುಮ್ಮನಾಯಿತು, ಅದರ ಜೊತೆಗೆ ಏದುಸಿರೂ. ಇಷ್ಟು ದಿನ ತಾವು ಓಡಿದ್ದು ಶಾಲೆಯ ಆ ನಗುವಿನಿಂದ ತಪ್ಪಿಸಿಕೊಳ್ಳಲೆಂದು ಅವರಿಗೆ ಆಗ ಹೊಳೆಯಿತು. ಡಬ್ಬಿ ಅಲುಗದ ಆ ನಿಧಾನದಲ್ಲಿ ಒಂದು ಹೆಜ್ಜೆ ಇನ್ನೊಂದನ್ನು ತಾನಾಗಿ ಎಳೆದುಕೊಂಡು ಹೋಗುವಾಗ, ಮುಖದ ಮೇಲೆ ನಗು ಮೂಡಿದ್ದು ಅರಿವಾಗಿ, ಯಾರಾದರೂ ಕಂಡರೇನೋ ಎಂದು ಬೆಚ್ಚಿ ಸುತ್ತ ನೋಡಿದರು. ಏದುಸಿರಿಗಿಂತ ಆ ನಗುವಿಗೇ ಅವರು ಹೆಚ್ಚು ನಾಚಿದರು.

ಗ್ರಹಚಾರ ನೋಡಿ, ಬಸ್ಸಿನ ಚಾಲಕ ಒಳ್ಳೆಯವನು. ಒಂದು ಬೆಳಿಗ್ಗೆ ನಡುರಸ್ತೆಯಲ್ಲೇ ಬಸ್ಸು ನಿಲ್ಲಿಸಿ ಬಾಗಿಲು ತೆರೆದ.

"ಹತ್ತಿ ಸಾರ್. ದಿನಾ ಕನ್ನಡೀಲಿ ನೋಡ್ತೀನಿ, ನೀವು ಓಡೋದು, ನಾನು ಬಿಟ್ಟು ಹೋಗೋದು. ನನ್ಗೂ ಮನಸ್ಸಿದೆ."

ಬೇಡವೆನ್ನುವುದು ಹೇಗೆ? ಹತ್ತಿದರು. ಕೋಲು ಹಿಡಿದಿದ್ದ ಅಜ್ಜಿಯೊಬ್ಬರು ಎದ್ದು, "ಕೂತ್ಕೊಳಪ್ಪಾ, ಸುಸ್ತಾಗಿದೀಯಾ," ಎಂದು ಜಾಗ ಬಿಟ್ಟುಕೊಟ್ಟಾಗ, ಸೇತುವೆಯ ತನಕ ಓಡಬಲ್ಲ ಕಾಲುಗಳನ್ನು ಮಡಿಸಿಕೊಂಡು ಕುಳಿತ ಅವರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಂದಿನಿಂದ ಅವರು ಕಾಣುವ ತನಕ ಬಸ್ಸು ನಿಲ್ದಾಣ ಬಿಟ್ಟು ಕದಲುತ್ತಿರಲಿಲ್ಲ. ಕೆಲಸಕ್ಕೆ ಹೊರಟ ಅಷ್ಟೂ ಜನ ಅವರಿಗಾಗಿ ಕಾಯುತ್ತಿದ್ದರು.

ಅದೇ ಬಸ್ಸಿನಲ್ಲಿ ಹೋಗುತ್ತಿದ್ದ ಪಕ್ಕದ ಮನೆಯಾಕೆ ಸುದ್ದಿಯನ್ನು ಮನೆಗೂ ಮುಟ್ಟಿಸಿದಳು. ಕೆಲವು ದಿನಗಳ ಬಳಿಕ ಮಾಮೂಲಿಗಿಂತ ಮುಂಚೆ ಎಚ್ಚರವಾಗಿ ಅಡುಗೆಮನೆಗೆ ಹೋದ ಕನ್ನಡಕದವರು ಬಾಗಿಲಲ್ಲೇ ನಿಂತರು. ಹೆಂಡತಿ ನೋಯುವ ಮಂಡಿಯ ಮೇಲೆ ಒಂದು ಕೈ ಊರಿ, ಇನ್ನೊಂದರಿಂದ ಡಬ್ಬಿಯ ಮುಚ್ಚಳ ಒತ್ತುತ್ತಿದ್ದರು.

"ಪಕ್ಕದ ಮನೆಯವ್ರು ಹೇಳಿದ್ರು. ಇನ್ಮೇಲೆ ನನ್ನ ಡಬ್ಬಿಯಿಂದ ತಡ ಆಗಲ್ಲ ಬಿಡಿ. ಈ ವಯಸ್ಸಲ್ಲಿ ಹಾಗೆಲ್ಲ ಓಡ್ಬೇಡಿ."

ತಮ್ಮ ಸುಳ್ಳಿನ ಸಾಲವನ್ನು ಈಕೆ ಮಂಡಿಯಿಂದ ತೀರಿಸುತ್ತಿದ್ದಾಳೆಂದು ತಿಳಿದೂ, ಆ ದಿನ ಅವರು ಸುಮ್ಮನೆ ನಡೆದು ಹೋಗಿ ಬಸ್ಸು ಹತ್ತಿದರು. ಮರುದಿನವೂ ಅವರಿಗಿಂತ ಮೊದಲೇ ಅಡುಗೆಮನೆಯ ದೀಪ ಉರಿಯುತ್ತಿತ್ತು.

"ನಾನು ಬಸ್ಸಿಗೆ ಓಡ್ತಿರಲಿಲ್ಲ ಕಣೇ," ಎಂದರು, ನೆಲ ನೋಡುತ್ತ. "ಡಾಕ್ಟ್ರು ಓಡು ಅಂದಿದ್ರು. ಈಗ... ಖುಷಿಗೆ ಓಡ್ತೀನಿ."

ಆಕೆ ಡಬ್ಬಿಯನ್ನು ಕೆಳಗಿಟ್ಟರು. ನಗುತ್ತಾರೆಂದು ಇವರು ಹೆದರಿದ್ದರು, ಆಕೆ ನಗಲಿಲ್ಲ.

"ತಲೆನೋವು, ಹೊಟ್ಟೆನೋವು ಎಲ್ಲ ನನ್ನ ಹತ್ರ ಹೇಳ್ತೀರಿ. ಖುಷಿಯಾಗಿದ್ದು ಒಂದಿತ್ತು, ಅದನ್ನ ಹೇಳೋಕಾಗ್ಲಿಲ್ವಾ?"

ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಆಕೆ ಆ ಚೀಲವನ್ನು ಕಸಿದುಕೊಂಡು, ಗೇಟಿನ ತನಕ ಕುಂಟಿ, ಪಕ್ಕದ ಮನೆಯಾಕೆಯ ಕೈಗಿತ್ತರು: "ಇದನ್ನ ಅಂಗಡಿ ಹತ್ರ ಇಳಿಸ್ಬಿಡಿ. ಅವ್ರು ಸೇತುವೆ ತನಕ ಓಡ್ಕೊಂಡು ಆಮೇಲೆ ಬರ್ತಾರಂತೆ. ಖುಷಿಗಂತೆ."

ಬೀದಿಯೇ ಕೇಳಿಸಿಕೊಂಡಿತು. ಬರಿಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಓಡುತ್ತಿದ್ದವರ ಪಕ್ಕಕ್ಕೆ ಬಸ್ಸು ಬಂದು ನಿಧಾನಿಸಿತು, ಕಿಟಕಿಗಳಲ್ಲೆಲ್ಲ ಮುಖಗಳು. ಕಿವಿ ಬಿಸಿಯಾಗಿ, "ಹೋಗಿ, ಹೋಗಿ" ಎಂದು ಅವರು ಕೈಬೀಸಿದರು. ಓಟ ಮಾತ್ರ ನಿಲ್ಲಿಸಲಿಲ್ಲ.

ತಪ್ಪನ್ನು ಬಚ್ಚಿಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಸುಖವನ್ನು ಬಚ್ಚಿಡುವವರ ಸಂಖ್ಯೆಯೂ ಅಷ್ಟೇ ದೊಡ್ಡದಿರಬೇಕು. ನೋವನ್ನು ಮನೆಯವರ ಮುಂದೆ ಬಿಡಿಸಿಟ್ಟು, ನಗುವನ್ನು ಮಾತ್ರ ಬೀದಿಯ ತಿರುವಿನಲ್ಲೇ ಒರೆಸಿಕೊಂಡು ಒಳಗೆ ಬರುವ ಸಂಭಾವಿತರು ಇವರು. ತಮ್ಮ ನೆಪದಿಂದ ಯಾರಿಗೂ ನಷ್ಟವಿಲ್ಲವೆಂದು ನಂಬಿಕೊಂಡಿರುತ್ತಾರೆ. ಆ ನೆಪವನ್ನು ನಿಜವೆಂದು ನಂಬಿದ ಯಾರೋ ಒಬ್ಬರು ಅದಕ್ಕಾಗಿ ದಿನವೂ ಬೇಗ ಏಳುತ್ತಿರುತ್ತಾರೆ.