ಏಳು ಹೊಲಿಗೆ

ಸೀಟಿ ಊದಿದ್ದೇ ತಡ, ಶಾಲೆಯ ಅಂಗಳದಲ್ಲಿ ಊಟದ ಸಾಲಿಗೆ ನಿಂತಿದ್ದ ಮುನ್ನೂರು ಜನ ಒಂದೇ ನೆಗೆತಕ್ಕೆ ಕಾಂಪೌಂಡಿನ ಕಡೆ ಹಾರಿದರು. ಮುನ್ನೂರೇನು, ಮೂರು ಸಾವಿರ ಅನ್ನಿ. ನೆಲ ಅದುರಿದ್ದನ್ನು ನೋಡಿದವರು ಯಾರೂ ಕಡಿಮೆ ಹೇಳುವುದಿಲ್ಲ. ಸಾರಿನ ಕೊಳಗ ಬೋರಲಾಯಿತು. ಎರಡು ಬೆಂಚು ಪುಡಿಪುಡಿ. ಗೋಡೆ ಹತ್ತಿದವನ ಕಾಲನ್ನು ಕೆಳಗಿನವನು ಎಳೆದ. ಅವನ ಬೆನ್ನನ್ನೇ ಇನ್ನೊಬ್ಬ ಏಣಿ ಮಾಡಿಕೊಂಡ.

ತಪ್ಪು ಅವರದಲ್ಲ. ಗಡಿಯಾಚೆಯ ದೇಶದಲ್ಲಿ ಕಾಗದಪತ್ರವಿಲ್ಲದೆ ವರ್ಷಗಟ್ಟಲೆ ಗಾರೆ ಕಲಸಿದವರು. ಅಲ್ಲಿ ಸೀಟಿ ಎಂದರೆ ಪೊಲೀಸರ ದಾಳಿ; ಕೈಯ ತುತ್ತು ಬಿಟ್ಟು ಓಡಬೇಕು. ಮೂರು ದಿನದ ಹಿಂದೆ ಆ ದೇಶ ಎಲ್ಲರನ್ನೂ ಏಕಾಏಕಿ ಹೊರದಬ್ಬಿತ್ತು. ಕಾಲುಗಳು ಸ್ವಂತ ನೆಲಕ್ಕೆ ಬಂದಿದ್ದವು, ಕಿವಿಗಳು ಇನ್ನೂ ಅಲ್ಲೇ ಇದ್ದವು. ಶಾಲೆಯಲ್ಲಿ ತೆರೆದಿದ್ದ ಪರಿಹಾರ ಶಿಬಿರದ ನರ್ಸಮ್ಮನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಸಾಲು ನೆಟ್ಟಗಾಗಲಿ ಎಂದು ಊದಿದ್ದಳು.

ಆ ನೂಕುನುಗ್ಗಲಲ್ಲಿ ಒಬ್ಬಳ ಹಣೆ ಗೇಟಿನ ಕಬ್ಬಿಣಕ್ಕೆ ಬಡಿದು ಸೀಳಿತು. ಅವಳ ಗಂಡ ಟೈಲ್ಸ್ ಕೂರಿಸುವವನು. ಎತ್ತರ ಐದಡಿ, ಅಡ್ಡಹೆಸರು ಬುಲ್ಡೋಜರ್. ಹೆಂಡತಿಯ ಮುಖದ ಮೇಲೆ ರಕ್ತ ಇಳಿಯುವುದನ್ನು ಕಂಡವನೇ ಹಿಂತಿರುಗಿ ಅಡುಗೆಯವನ ಕೈಯಿಂದ ಸೌಟು ಕಸಿದ. ಸೌಟೆಂದರೆ ಮನೆಯ ಸೌಟಲ್ಲ, ದೋಣಿಗೆ ಹುಟ್ಟು ಹಾಕಬಹುದಾದಂಥದ್ದು.

"ನಮ್ಮನ್ನ ಹಿಡ್ಸಿಕೊಡ್ತೀಯೇನೇ?"

ನರ್ಸಮ್ಮ ಅಡ್ಡ ಹಿಡಿದ ಬಲಗೈ ಮೇಲೆ ಏಟು ಬಿತ್ತು. ಮೂಳೆ ಮುರಿದ ಸದ್ದು ಮೂರು ಊರಿಗೆ ಕೇಳಿಸಿತು. ಎರಡನೆಯ ಏಟಿಗೆ ಅವಳು ನೆಲ ಕಂಡಳು. ಮೂರನೆಯದು ಬೀಳುವ ಮೊದಲು ಅಡುಗೆಯವನು ಅವನ ಕತ್ತು ಹಿಡಿದ.

"ಲೇ ಹುಚ್ಚಾ! ಡಾಕ್ಟ್ರು ಬರೋದು ಸಂಜೆಗೆ. ನಿನ್ನ ಹೆಂಡ್ತಿಗೆ ಹೊಲಿಗೆ ಹಾಕೋಕೆ ಇಲ್ಲಿದ್ದಿದ್ದು ಅದೊಂದೇ ಕೈ ಕಣೋ! ಮುರಿದುಬಿಟ್ಯಲ್ಲೋ!"

ಹೆಂಡತಿ ಮೆಟ್ಟಿಲ ಮೇಲೆ ಕುಸಿದಿದ್ದಳು. ಹಣೆಗೆ ಒತ್ತಿದ್ದ ಬಟ್ಟೆ ತೊಟ್ಟಿಕ್ಕುತ್ತಿತ್ತು. ನರ್ಸಮ್ಮ ಮುರಿದ ಕೈಯನ್ನು ಎದೆಗೆ ಅವುಚಿಕೊಂಡು ತೆವಳುತ್ತ ಬಂದು ಔಷಧಿ ಪೆಟ್ಟಿಗೆ ತೆರೆದಳು. ಸೂಜಿ, ದಾರ ಇದ್ದವು. ಮರಗಟ್ಟಿಸುವ ಮದ್ದಿನ ಸೀಸೆ ಕಾಲ್ತುಳಿತದಲ್ಲಿ ಒಡೆದಿತ್ತು.

"ಕೈ ತೊಳ್ಕೊ," ಅಂದಳು ಅವನಿಗೆ.

"ನಾನಾ? ಅಕ್ಕಾ, ನಾನು ಟೈಲ್ಸ್ ಕೂರಿಸೋನು..."

"ಅದಕ್ಕೇ ಹೇಳಿದ್ದು. ಸಂದು ಬಿಡದೆ ಕೂರಿಸು."

ಹೆಂಡತಿ ಒಂದು ಕಣ್ಣು ಬಿಟ್ಟಳು. "ಅಕ್ಕಾ, ಇವ್ರು ಟೈಲ್ಸ್ ಹಾಕಿದ ಬಚ್ಚಲಲ್ಲಿ ನೀರು ಬಾಗಿಲ ಕಡೆಗೇ ಹರಿಯೋದು. ಸ್ವಲ್ಪ ನೋಡ್ಕೊಳ್ಳಿ."

ಮೊದಲ ಚುಚ್ಚಿಗೆ ಅವಳು ಗಂಡನ ತೊಡೆಗೆ ಉಗುರು ಇಳಿಸಿದಳು. ಎರಡನೆಯದಕ್ಕೆ ಅವನ ತೋಳನ್ನೇ ಕಚ್ಚಿದಳು. ಅವನು ಬಿಡಿಸಿಕೊಳ್ಳಲಿಲ್ಲ. "ಇನ್ನೂ ಒಳಗೆ. ಎಳಿ. ಗಂಟು ಹಾಕು," ಎಂದು ನರ್ಸಮ್ಮ ಬಿಳಿಚಿದ ತುಟಿಯಲ್ಲೇ ಹೇಳುತ್ತ ಹೋದಳು. ಏಳನೆಯ ಹೊಲಿಗೆಯ ಹೊತ್ತಿಗೆ ಅವನ ಮೈಯಿಂದ ಹರಿದ ಬೆವರಲ್ಲಿ ಎರಡು ಗದ್ದೆ ನಾಟಿ ಮಾಡಬಹುದಿತ್ತು. ಗೋಡೆ ಹಾರಿದ್ದವರು ಒಬ್ಬೊಬ್ಬರಾಗಿ ಗೇಟಿನಿಂದ ಇಣುಕತೊಡಗಿದರು.

ರಕ್ತ ನಿಂತಿತು. ಅವನು ದಾರ ಕತ್ತರಿಸುತ್ತಲೇ ನರ್ಸಮ್ಮನ ತಲೆ ವಾಲಿ ಹೆಂಡತಿಯ ಭುಜಕ್ಕೆ ಒರಗಿತು. ಹೆಂಡತಿ ಸರಿಯಲಿಲ್ಲ. ಇಬ್ಬರೂ ಕಣ್ಣು ಮುಚ್ಚಿದ್ದರು. ಯಾರ ಬಾಯಿಗೆ ಮೊದಲು ಹಿಡಿಯಬೇಕೆಂದು ತಿಳಿಯದೆ ಅವನು ನೀರಿನ ಲೋಟ ಹಿಡಿದು ಇಬ್ಬರ ಮುಂದೆ ಮಂಡಿಯೂರಿ ಕುಳಿತಿದ್ದ.