ಆಮ್ರಪಾಲಿಯ ಗುಡ್ಡಕ್ಕೆ ಎರಡು ಟಿಕೆಟ್

"ರದ್ದು ಮಾಡಿಬಿಡಪ್ಪ," ಎಂದ ದೇವಿಂದ್ರಪ್ಪ, ಕಂಪ್ಯೂಟರ್ ಪರದೆಯ ಕಡೆ ನೋಡದೆ.

ಮೌಸಿನ ಮೇಲಿದ್ದ ವಸೀಮನ ಕೈ ಹಾಗೇ ನಿಂತಿತು. ಬಸವಕಲ್ಯಾಣದ ಬಸ್ ನಿಲ್ದಾಣದ ಎದುರಿನ ಅವನ ಟಿಕೆಟ್ ಅಂಗಡಿಯಲ್ಲಿ ಈ ಗಂಡ ಹೆಂಡತಿ ಟಿಕೆಟ್ ತೆಗೆಸಿ ರದ್ದು ಮಾಡಿಸುತ್ತಿರುವುದು ಇದು ಮೂರನೆಯ ಸಲ. ಅವನು ಸೋನುಬಾಯಿಯ ಮುಖ ನೋಡಿದ. ಸೋನುಬಾಯಿ ಗೋಡೆಗೆ ಅಂಟಿಸಿದ್ದ ಅಜ್ಮೇರ್ ಪ್ರವಾಸದ ಜಾಹೀರಾತನ್ನು ದಿಟ್ಟಿಸುತ್ತಿದ್ದಳು. ಗಂಡನ ಕಡೆ ತಿರುಗಿದರೆ ಬಾಯಿಂದ ಏನು ಬಂದೀತೋ ಎಂದು ಕಣ್ಣನ್ನು ಅಲ್ಲಿ ಕಟ್ಟಿಹಾಕಿದ್ದಳು.

"ಈ ಸಲ ಏನಾತ್ರಿ ಚಾಚಾ?"

"ಹತ್ತು ಸಾವಿರ ಫೂಟ್ ಎತ್ತರ ಅದಂತ. ಉಸರಾಡಾಕ ಹವಾ ಸಾಲೂದಿಲ್ಲಂತ. ಮೂಗಿನಾಗ ರಕ್ತ ಬರ್ತದಂತ. ಮೊಬೈಲಿನಾಗ ನೋಡೀನಿ."

"ಹೋದ ಸಲ ಮೊಣಕಾಲ ಅಂದಿದ್ರಿ."

"ಮೊಣಕಾಲೂ ಅದ."

ವಸೀಮ್ ಉಸಿರು ಬಿಟ್ಟು ಬಟನ್ ಒತ್ತಿದ. ಕಲಬುರಗಿಯಿಂದ ದಿಲ್ಲಿಗೆ ಹೋಗುವ ಗಾಡಿಯಲ್ಲಿ ಎರಡು ಸೀಟು ಮತ್ತೆ ಖಾಲಿಯಾದವು.

ರಾಜೇಶ್ವರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಸೋನುಬಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಗಂಡನೋ ಹುಮನಾಬಾದ್ ಡಿಪೋದಲ್ಲಿ ಕಂಡಕ್ಟರನಾಗಿ ಆಯುಷ್ಯ ಸವೆಸಿದವನು. ಊರಿನ ಯಾರೇ ಪ್ರಯಾಣ ಹೊರಡಲಿ, ಎಲ್ಲಿ ಇಳಿಯಬೇಕು, ಯಾವ ಬಸ್ಸು ಹಿಡಿಯಬೇಕು ಎಂದು ಕರೆದು ಕೂರಿಸಿಕೊಂಡು ಹೇಳುವವನು. ಅಂಥವನಿಗೆ ಸ್ವಂತ ಮಗಳಿದ್ದಲ್ಲಿಗೆ ದಾರಿ ಸಿಗುತ್ತಿರಲಿಲ್ಲ. ಸೊಲ್ಲಾಪುರದ ಮೇಲೆ ಹೋದರೆ ಸುತ್ತು, ಹೈದರಾಬಾದಿನ ಮೇಲೆ ಹೋದರೆ ಗದ್ದಲ, ದಿಲ್ಲಿಯಿಂದ ಮುಂದೆ ಗುಡ್ಡದ ಬಸ್ಸುಗಳ ಡ್ರೈವರುಗಳ ಮೇಲೆ ನಂಬಿಕೆಯಿಲ್ಲ.

ಮಗಳು ಆಮ್ರಪಾಲಿ ತೋಟಗಾರಿಕೆ ಓದಿದವಳು. ಹಿಮಾಲಯದ ಒಂದು ಕಣಿವೆಯಲ್ಲಿ, ಬಸ್ಸಿನ ಕೊನೆಯ ನಿಲ್ದಾಣ ದಾಟಿ ಇನ್ನೂ ಮೇಲೆ ಜೀಪಿನಲ್ಲಿ ಹೋಗಬೇಕಾದಂಥ ಜಾಗದಲ್ಲಿ, ದ್ರಾಕ್ಷಿ ಬೆಳೆದು ವೈನ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಹೋದ ವರ್ಷ ಊರಿಗೆ ಬಂದಾಗ ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಎಲ್ಲರಿಗೂ "ಹಣ್ಣಿನ ಕಂಪನಿ" ಎಂದು ಉತ್ತರ ಕೊಟ್ಟಿದ್ದ. ಆಕೆ ರಜೆ ಮುಗಿಯುವ ಮೊದಲೇ ಹೊರಟುಬಿಟ್ಟಳು. ಹೋಗುವಾಗ ಅವ್ವನಿಗೆ ಒಂದೇ ಮಾತು ಹೇಳಿದ್ದಳು: "ನೀವಿಬ್ರೂ ಒಮ್ಮಿ ಬಂದು ನಾ ಏನ್ ಮಾಡಾಕತ್ತೇನಿ ನೋಡ್ರಿ. ಆಮ್ಯಾಲ ನಾ ಬರ್ತೀನಿ." ಈಗ ಅವಳನ್ನೇ ಅಲ್ಲಿಯ ಮುಖ್ಯಸ್ಥಳನ್ನಾಗಿ ಮಾಡಿದ್ದರು. ಹಿಮ ಬಿದ್ದರೆ ರಸ್ತೆ ಮುಚ್ಚುತ್ತದೆ. ಮತ್ತೆ ತೆರೆಯುವುದು ಬೇಸಿಗೆಗೇ.

ಬಸ್ಸಿನಲ್ಲೇ ಅವಳ ಫೋನು ಬಂತು.

"ಟಿಕೆಟ್ ಏನಾತವ್ವ?"

"ನಿಮ್ಮಪ್ಪನ್ನ ಕೇಳು," ಎಂದು ಸೋನುಬಾಯಿ ಫೋನನ್ನು ಗಂಡನ ಕೈಗಿಟ್ಟಳು. ದೇವಿಂದ್ರಪ್ಪ ಎತ್ತರದ ಬಗ್ಗೆ, ಹವೆಯ ಬಗ್ಗೆ ಹೇಳಿದ.

"ಬರೂದು ಬ್ಯಾಡಂದ್ರ ಬ್ಯಾಡಪ್ಪ. ಆದ್ರ ತಪ್ಪು ಗುಡ್ಡದ ಮ್ಯಾಲ ಹಾಕಬ್ಯಾಡ್ರಿ. ಇಲ್ಲೆ ಎಪ್ಪತ್ತು ವರ್ಷದ ಮುದುಕ್ಯಾರು ಬೆನ್ನಿಗೆ ಬುಟ್ಟಿ ಹೊತ್ತು ಏರ್ತಾರ," ಎಂದು ಆಮ್ರಪಾಲಿ ಫೋನಿಟ್ಟಳು.

ಮನೆಗೆ ಬಂದರೆ ಕಟ್ಟೆಯ ಮೇಲೆ ಜೈಭೀಮ ಕಾಯುತ್ತಿದ್ದ. ಊರಿನ ಬುದ್ಧವಿಹಾರದ ಕಾರ್ಯದರ್ಶಿ. ವಿಹಾರಕ್ಕೆ ದೇವಿಂದ್ರಪ್ಪನೇ ಅಧ್ಯಕ್ಷ. ಭಾನುವಾರದ ವಂದನೆ ಹೇಳಿಕೊಡುವವನೂ ಅವನೇ. ಜೈಭೀಮನ ತೊಡೆಯ ಮೇಲೆ ಹೊಸ ಮಂಕಿ ಟೋಪಿಯಿತ್ತು.

"ತಾರೀಖ ಪಕ್ಕಾ ಆತೇನ್ರಿ ಕಾಕಾ? ನಾವು ಆರು ಮಂದಿ ಆಗೀವಿ. ಎಲ್ಲಾರೂ ಸ್ವೆಟರ್ ತಗೊಂಡಾರ."

"ಎಲ್ಲಿಗೆ ಹೊಂಟೀರಪ್ಪ?" ಕೇಳಿದಳು ಸೋನುಬಾಯಿ.

"ನಿಮ್ಮ ಸಂಗಟಾನೇ ಬರಾಕತ್ತೀವಲ್ರಿ ಕಾಕು. ಹಿಮಾಲಯದಾಗಿನ ಹಳೇ ಗೊಂಪಾ, ಬೌದ್ಧ ಮಠ, ನೋಡಾಕ. ಕಾಕಾ ಹೇಳಿಲ್ಲೇನು?"

ಸೋನುಬಾಯಿ ಗಂಡನ ಕಡೆ ನೋಡಿದಳು. ದೇವಿಂದ್ರಪ್ಪ ಚಪ್ಪಲಿ ಬಿಡುವುದರಲ್ಲಿ ಮಗ್ನನಾಗಿದ್ದ. ಮೂರು ಸಲದ ರದ್ದು, ಮೊಣಕಾಲು, ಮೂಗಿನ ರಕ್ತ, ಎಲ್ಲವೂ ಅವಳಿಗೆ ಒಮ್ಮೆಲೇ ಅರ್ಥವಾದವು. ಯಾತಕ್ಕೆ ಹೋಗುತ್ತೀರಿ ಎಂದು ಯಾರೋ ಕೇಳಿದ್ದಾರೆ, ಈತ ಗೊಂಪಾ ಎಂದಿದ್ದಾನೆ, ಊರು ಗಂಟು ಕಟ್ಟಿ ನಿಂತಿದೆ. ಈಗ ಇವರನ್ನು ಕರಕೊಂಡು ಹೋಗಲೂ ಆಗದು, ಬಿಟ್ಟು ಹೋಗಲೂ ಆಗದು.

ಅವಳು ಒಳಗೆ ಹೋಗಿ ಚಹ ಮಾಡಿದಳು. ತಂದು ಜೈಭೀಮನ ಮುಂದಿಟ್ಟು ಎದುರಿಗೇ ಕೂತಳು.

"ಗೊಂಪಾ ಇರಬಹುದಪ್ಪ. ನಾವು ಹೊಂಟಿದ್ದು ಅದಕ್ಕಲ್ಲ. ನಮ್ಮ ಆಮ್ರಪಾಲಿ ಅಲ್ಲೆ ವೈನ್ ಮಾಡ್ತಾಳ. ಅದನ್ನ ನೋಡಾಕ."

"ಸೋನಾ," ಎಂದ ದೇವಿಂದ್ರಪ್ಪ ಮೆಲ್ಲಗೆ.

"ವೈನ್ ಅಂದ್ರ... ವೈನ್ ಶಾಪಿನಾಗ ಮಾರ್ತಾರಲ್ಲ, ಅದಾ?"

"ಅದೇ. ದ್ರಾಕ್ಷಿ ರಸ ಹುಳಿ ಬರಿಸಿ ಮಾಡೂದು."

ಜೈಭೀಮ ಚಹದ ಬಟ್ಟಲು ತಿರುಗಿಸುತ್ತ ಕೂತ. "ಕುಡೀತಾಳೇನ್ರಿ?"

"ಬಾಯಾಗ ಹಾಕ್ಕೊಂಡು ರುಚಿ ನೋಡಿ ಉಗುಳ್ತಾಳ. ಅದು ಅಕಿ ಕೆಲಸ."

ಅವನು ಚಹ ಪೂರ್ತಿ ಕುಡಿದ. ಎದ್ದು ನಿಂತು, "ಮೊದಲ ಹೇಳಬೇಕಿತ್ರಿ ಕಾಕಾ," ಎಂದಷ್ಟೇ ಹೇಳಿ ಹೋದ.

ದೇವಿಂದ್ರಪ್ಪ ಅಂದು ಊಟಕ್ಕೆ ಏಳಲಿಲ್ಲ. "ನನ್ನ ಮಾರಿ ಎಲ್ಲಿಟ್ಟಿ ನೀ?" ಎಂದ.

"ಎಲ್ಲಿತ್ತೋ ಅಲ್ಲೇ ಅದ ತಗೋರಿ. ಊಟಾ ಮಾಡ್ರಿ."

"ನಮ್ಮಪ್ಪ ಕುಡದು ಹುಮನಾಬಾದ್ ಬಸ್‌ಸ್ಟ್ಯಾಂಡಿನಾಗ ಬಿದ್ದಿರ್ತಿದ್ದ. ಯೂನಿಫಾರ್ಮ್ ಮ್ಯಾಲೇ ಹೆಗಲ ಕೊಟ್ಟು ಎಬ್ಬಿಸ್ತಿದ್ದೆ. ಡಿಪೋದ ಮಂದಿ ನೋಡ್ತಿದ್ರು. ಈ ಊರಾಗಿನ ಸಾರಾಯಿ ಅಂಗಡಿ ಮುಂದ ಬಿಸಲಾಗ ಕೂತು ಮುಚ್ಚಿಸಿದಾವ ನಾ."

ಇದೆಲ್ಲ ಸೋನುಬಾಯಿಗೆ ಗೊತ್ತಿದ್ದದ್ದೇ. ಆ ಮಾವನ ವಾಂತಿ ಬಳಿದವಳು ಅವಳು. "ನನಗ ಗೊತ್ತದ," ಎಂದಳು. "ಅದಕ್ಕ ನಾ ಏನೂ ಅಂದಿಲ್ಲ. ಅಲ್ಲಿ ಹೋಗಿ ನೋಡಿ, ಇದು ಕೆಟ್ಟದ್ದು ಅಂತ ಅನಿಸಿದ್ರ ಅಕಿ ಮುಂದ ಹೇಳಿ ಬರ್ರಿ. ಬರೂದೇ ಇಲ್ಲ ಅಂದ್ರ ಹ್ಯಾಂಗ?"

ದೇವಿಂದ್ರಪ್ಪ ತಲೆ ಎತ್ತಿದ.

"ನೋಡಿದ ಮ್ಯಾಲ ಕೆಟ್ಟದ್ದು ಅಂತ ಅನಸದಿದ್ರ?"

ಅವಳಿಗೆ ಗಂಡನ ಮೇಲೆ ಕರುಣೆ ಬಂತು. ಬಂದಷ್ಟೇ ಬೇಗ ಸಿಟ್ಟೂ ಬಂತು. ಇಷ್ಟು ಸಣ್ಣ ಮಾತು ಹೇಳಲಿಕ್ಕೆ ಈ ಮನುಷ್ಯ ಮೂರು ಸಲ ದಿಲ್ಲಿ ಗಾಡಿ ರದ್ದು ಮಾಡಿಸಿದನಲ್ಲ ಎಂದು ತಟ್ಟೆಯನ್ನು ಅವನ ಮುಂದೆ ಸರಿಸಿ ಎದ್ದಳು.

ಭಾನುವಾರದ ಹೊತ್ತಿಗೆ ಸುದ್ದಿ ಓಣಿಯೆಲ್ಲ ಸುತ್ತಿತ್ತು. ವಿಹಾರದಲ್ಲಿ ಬುದ್ಧನ ಮೂರ್ತಿಯ ಎದುರಿಗೆ, ವಂದನೆ ಹೇಳಿಕೊಡುವವನಿಗೆಂದು ಹಾಕಿದ ಚಾಪೆ ಖಾಲಿಯಿತ್ತು. ದೇವಿಂದ್ರಪ್ಪ ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂತ. ಮುಂದೆ ಬಾ ಎಂದು ಯಾರೂ ಕರೆಯಲಿಲ್ಲ. ಬರಬೇಡ ಎಂದೂ ಯಾರೂ ಅನ್ನಲಿಲ್ಲ. ಕೊನೆಗೆ ಜೈಭೀಮನೇ ವಂದನೆ ಶುರು ಮಾಡಿದ. ಧಾಟಿ ಏರಿಸಿ ಹಿಡಿದು, ಪಂಚಶೀಲದ ಎರಡನೆಯ ಶೀಲಕ್ಕೆ ಬರುವಷ್ಟರಲ್ಲಿ ದನಿ ತಪ್ಪಿತು. ಮತ್ತೆ ಮೊದಲಿನಿಂದ ತೆಗೆದ. ಮತ್ತೆ ತಪ್ಪಿತು. ಹೆಂಗಸರ ಕಡೆ ಯಾರೋ ಕೆಮ್ಮಿದರು.

ಜೈಭೀಮ ಬೇಸರದಿಂದ ಹಿಂದೆ ತಿರುಗಿದ. "ನೀವೇ ಹೇಳ್ರಿ ಕಾಕಾ."

ದೇವಿಂದ್ರಪ್ಪ ಏಳಲಿಲ್ಲ. ಕೂತಲ್ಲಿಂದಲೇ ಹೇಳತೊಡಗಿದ, ಉಳಿದವರು ದನಿಗೂಡಿಸಿದರು. ನಾಲ್ಕು ಶೀಲಗಳು ಮುಗಿದವು. ಐದನೆಯದು, ಮದ್ಯ ಮುಟ್ಟುವುದಿಲ್ಲ ಎಂಬುದು. ಅಲ್ಲಿ ನಿಂತ. ಸೋನುಬಾಯಿ ಸೆರಗಿನ ತುದಿ ಹಿಡಿದು, ಹೇಳುವುದಿದ್ದರೆ ಹೇಳು ಇಲ್ಲದಿದ್ದರೆ ಏಳು ಎಂದು ಮನಸ್ಸಿನಲ್ಲೇ ಬೈದಳು. ದೇವಿಂದ್ರಪ್ಪ ಹೇಳಿದ. ದನಿ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಪೂರ್ತಿ ಹೇಳಿ ಮುಗಿಸಿ, ಕೈ ಮುಗಿದು, ಮನೆಗೆ ಬಂದ.

ಮರುದಿನ ಸೋನುಬಾಯಿ ಒಬ್ಬಳೇ ಬಸವಕಲ್ಯಾಣಕ್ಕೆ ಹೋದಳು. ಅವಳನ್ನು ನೋಡಿ ವಸೀಮ್ ನಕ್ಕ.

"ಒಂದಾ ಎರಡಾ ಚಾಚಿ?"

"ಎರಡು. ಇವು ರದ್ದಾಗೂದಿಲ್ಲ. ಅವರು ಬರದಿದ್ರ ಆ ಸೀಟಿನ ಮ್ಯಾಲ ನನ್ನ ಚೀಲ ಮಲಗಿಸ್ತೀನಿ."

ಸಂಜೆ ಅವಳು ಗಂಡನಿಗೆ ಸುದ್ದಿ ಹೇಳಿದಳು. ಯಾವ ಗಾಡಿ ಎಂದು ಕೇಳಿದ. ಹೇಳಿದಳು.

"ಅದು ಯಾವಾಗಲೂ ತಡಾನೇ."

"ತಡಾ ಬರ್ಲಿ."

"ದಿಲ್ಲಿಯೊಳಗ ಗುಡ್ಡದ ಬಸ್ ತಪ್ತದ."

"ತಪ್ಲಿ. ಇನ್ನೊಂದು ಹಿಡೀತೀನಿ."

ಅವನು ಬರುತ್ತೇನೆಂದೂ ಅನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ. ಆಮ್ರಪಾಲಿಗೆ ತಿಳಿಸಲೆಂದು ಅವಳು ಫೋನು ಹಚ್ಚಿದಾಗ ಎದ್ದು ಬಂದು ಪಕ್ಕದಲ್ಲಿ ನಿಂತ. ಟಿಕೆಟ್ಟಿನ ಮಾತು ಮುಗಿಯುವವರೆಗೆ ಕಾದು ಕೈ ಚಾಚಿದ. ಸೋನುಬಾಯಿ ಅನುಮಾನದಿಂದಲೇ ಫೋನು ಕೊಟ್ಟಳು.

"ಹಿಮ ಬಿದ್ರ ಆ ಬಳ್ಳಿ ಸಾಯೂದಿಲ್ಲೇನು?" ಎಂದು ಕೇಳಿದ.

ಆಮ್ರಪಾಲಿ ಹೇಳತೊಡಗಿದಳು. ಸುಗ್ಗಿ ಮುಗಿದ ಮೇಲೆ ಬಳ್ಳಿ ಸವರುತ್ತಾರೆ, ಬಗ್ಗಿಸಿ ನೆಲಕ್ಕೆ ಮಲಗಿಸುತ್ತಾರೆ, ಮೇಲೆ ಮಣ್ಣು ಮುಚ್ಚುತ್ತಾರೆ, ಚಳಿಗಾಲವೆಲ್ಲ ಅದು ಅಲ್ಲೇ ಇರುತ್ತದೆ.

"ಬಗ್ಗಿಸುವಾಗ ಮುರಿಯೂದಿಲ್ಲ?"

"ಮುರೀತಾವಪ್ಪ, ಒಂದೊಂದು..."

ಸೋನುಬಾಯಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಓಣಿಯ ತಿರುವಿನಲ್ಲಿ ತಿಣುಕುತ್ತಿತ್ತು. ಹಿಂದೆ ನಿಂತ ಬೈಕುಗಳು ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದವು. ಒಳಗೆ ದೇವಿಂದ್ರಪ್ಪ ದನಿ ಏರಿಸಿ, ಮಣ್ಣು ಎಷ್ಟು ಹಾಕುತ್ತೀರಿ, ಒಂದು ಮೊಳವೋ ಎರಡು ಮೊಳವೋ ಎಂದು ಕೇಳುತ್ತಿದ್ದ.