ಹೊಂಡಕ್ಕೆ ಆಯಿಲ್ ಸುರಿಯುವ ಮುನ್ನ

ಸಂಜೆಯಾದರೆ ಆ ಬೀದಿಯಲ್ಲಿ ಮಾತಿಗಿಂತ ಚಪ್ಪಾಳೆಯೇ ಹೆಚ್ಚು. ಎಲ್ಲರೂ ಸೊಳ್ಳೆ ಹೊಡೆಯುವವರೇ!

ಬೀದಿಯ ಕೊನೆಯ ಮನೆ ಟೈಲರಮ್ಮನದು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಹಿತ್ತಲ ಬೇಲಿಯಾಚೆ ಜೊಂಡು ಬೆಳೆದ ಹೊಂಡ. ಬಸ್ ಓಡಿಸುವ ಗಂಡ ಡೆಂಗಿ ಜ್ವರದಲ್ಲಿ ಹಣ್ಣಾಗಿ ಈಗಷ್ಟೇ ಎದ್ದು ಕೂತಿದ್ದ. "ಎಲ್ಲಾ ಆ ಹೊಂಡದ್ದೇ ಕಾಟ" ಎಂದು ಸೊಳ್ಳೆಮರಿ ಸಾಯಲೆಂದು ಡಿಪೋದಿಂದ ಬಸ್ಸಿನ ಸುಟ್ಟ ಎಂಜಿನ್ ಆಯಿಲ್ ತರಿಸಿಟ್ಟಿದ್ದ. ಭಾನುವಾರ ಬೀದಿಯವರೆಲ್ಲ ಸೇರಿ ಅದನ್ನು ಹೊಂಡಕ್ಕೆ ಸುರಿಯುವುದೆಂದು ಮಾತಾಗಿತ್ತು.

ಶನಿವಾರ ಮುಂಜಾನೆ ನಾದಿನಿ ಬಂದಳು. ಶಾಲೆಯ ಮಕ್ಕಳನ್ನು ಕೆರೆ, ತೋಪುಗಳಿಗೆ ಕರೆದೊಯ್ದು ಅಲ್ಲೇ ಪರಿಸರ ಪಾಠ ಮಾಡುವವಳು ಅವಳು.

"ಅತ್ತಿಗೆ, ಇವತ್ತು ನಿಮ್ಮ ಹಿತ್ತಲ ಹೊಂಡದಲ್ಲೇ ಪಾಠ. ಮಗಳನ್ನ ಕಳಿಸಿ. ನೀವೂ ಬನ್ನಿ, ಊರೋರನ್ನೂ ಸೇರಿಸೇ ಮಾಡ್ತಿರೋದು."

"ಸೊಳ್ಳೆ ಕೈಲಿ ಕಚ್ಚಿಸ್ಕೊಳ್ಳೋಕೆ ಪಾಠ ಬೇರೆ ಬೇಕೇನೇ? ನಿಮ್ಮಣ್ಣ ಮಲಗಿದ್ದು ಸಾಲದಾ?"

ಮಗಳು ಆಗಲೇ ಚಪ್ಪಲಿ ಮೆಟ್ಟಿದ್ದಳು. "ಅಮ್ಮಾ, ಅತ್ತೆ ಇರ್ತಾರಲ್ಲಮ್ಮಾ!"

"ಹಾಗಾದ್ರೆ ನಾನೂ ಬರ್ತೀನಿ. ನನ್ನ ಕೈ ಬಿಟ್ರೆ ನೋಡು!"

ಹೊಂಡದ ಮೇಲೆ ಮಂಜು ಮಲಗಿತ್ತು. ಮಕ್ಕಳು ಉಸಿರು ಬಿಗಿಹಿಡಿದು ದಂಡೆಯಲ್ಲಿ ಕೂತಿದ್ದರು. ನೀರಿನಿಂದ ಕಂದು ಹುಳವೊಂದು ಜೊಂಡಿನ ಕಡ್ಡಿ ಹತ್ತಿ ನಿಂತಿತು. ನಿಧಾನವಾಗಿ ಅದರ ಬೆನ್ನು ಬಿರಿಯಿತು. ಒಳಗಿನಿಂದ ಮೆತ್ತಗಿನ ಜೀವವೊಂದು ಹೊರಬಂದು, ಮುದುಡಿದ ರೆಕ್ಕೆಗಳನ್ನು ಚೂರುಚೂರೇ ಬಿಡಿಸಿತು. ಬಿಸಿಲು ತಾಗಿದ್ದೇ ರೆಕ್ಕೆ ಹೊಳೆಯಿತು. ಏರೋಪ್ಲೇನ್ ಚಿಟ್ಟೆ!

"ಇಷ್ಟು ತೆಳು ಬಟ್ಟೆ ನಾನು ಮುಟ್ಟೇ ಇಲ್ಲ ಕಣೇ," ಎಂದಳು ಟೈಲರಮ್ಮ, ಕನಸಿನಲ್ಲಿ ಮಾತಾಡುವವಳಂತೆ. ಮಗಳ ಕೈಯನ್ನು ತಾನೇ ಯಾವಾಗಲೋ ಬಿಟ್ಟಿದ್ದಳು.

ನಾದಿನಿ ಬಿಳಿ ಬೇಸಿನ್ನಿನಲ್ಲಿ ಹೊಂಡದ ನೀರು ತೆಗೆದು ತೋರಿಸಿದಳು. ಅಂಥದೇ ಕಂದು ಹುಳವೊಂದು ಸೊಳ್ಳೆಮರಿಯನ್ನು ಗಬಕ್ಕನೆ ಹಿಡಿಯಿತು.

"ನೋಡಿದ್ರಾ ಅತ್ತಿಗೆ? ನೀರಲ್ಲಿದ್ದಾಗ ಸೊಳ್ಳೆಮರಿ ತಿನ್ನುತ್ತೆ, ರೆಕ್ಕೆ ಬಂದ್ಮೇಲೆ ಸೊಳ್ಳೇನೇ ತಿನ್ನುತ್ತೆ. ಆಯಿಲ್ ಸುರಿದ್ರೆ ಇವೆಲ್ಲಾ ಸಾಯ್ತವೆ. ಸೊಳ್ಳೆ ಮಾತ್ರ ಬೇಗ ವಾಪಸ್ ಬರುತ್ತೆ."

"ಮತ್ತೆ ನಿಮ್ಮಣ್ಣನ್ನ ಕಚ್ಚಿದ್ದು ಎಲ್ಲೀದು?"

"ಡೆಂಗಿ ಸೊಳ್ಳೆ ಹೆಚ್ಚಾಗಿ ಮೊಟ್ಟೆ ಇಡೋದು ಮನೆ ಹತ್ರ ನಿಂತ ನೀರಲ್ಲಿ. ಡ್ರಮ್ಮು, ಹೂಕುಂಡದ ತಟ್ಟೆ, ಹಳೇ ಟೈರು. ಬನ್ನಿ, ನಿಮ್ಮ ಹಿತ್ತಲು ನೋಡೋಣ."

ಮುಚ್ಚಳವಿಲ್ಲದ ಡ್ರಮ್ಮಿಗೆ ಮಗಳೇ ಮೊದಲು ಇಣುಕಿದಳು. "ಅಮ್ಮಾ, ಇಲ್ಲಿ ತುಂಬಾ ಸೊಳ್ಳೆಮರಿ ಕುಣೀತಿವೆ!"

ಟೈಲರಮ್ಮನ ಮುಖ ಇಳಿದುಹೋಯಿತು. ಗಂಡ ಗೋಡೆ ಹಿಡಿದುಕೊಂಡು ಬಂದು ಬಗ್ಗಿ ನೋಡಿದ. "ಪಾಪ, ಆ ಹೊಂಡಾನ ಸುಮ್ನೆ ಬೈದ್ನಲ್ಲೇ..."

"ನನ್ನ ಬೈದಾಗ ಮಾತ್ರ ಒಂದಿನಾನೂ ಹೀಗೆ ಅನ್ನಿಸಿಲ್ಲ ನಿಮಗೆ!"

ಜ್ವರ ಬಂದಮೇಲೆ ಮೊದಲ ಸಲ ಅವನು ನಕ್ಕ.

ಡ್ರಮ್ಮಿನ ನೀರು ಚೆಲ್ಲಿದರು, ಒಳಗೆಲ್ಲ ಉಜ್ಜಿದರು. ಟೈಲರಮ್ಮ ಹೊಲಿಗೆಯಲ್ಲಿ ಉಳಿದ ದಟ್ಟ ನೇಯ್ಗೆಯ ಬಟ್ಟೆಗೆ ಎಲಾಸ್ಟಿಕ್ ಹಾಕಿ ಡ್ರಮ್ಮಿನ ಬಾಯಿಗೆ ಬಿಗಿಯಾದ ಮುಸುಕು ಹೊಲಿದಳು. ಭಾನುವಾರ ಆಯಿಲ್ ಸುರಿಯಲು ಬಂದವರನ್ನು ಮೊದಲು ಹೊಂಡದ ದಂಡೆಗೆ, ಆಮೇಲೆ ಅವರವರ ಹಿತ್ತಲಿಗೆ ಕರೆದೊಯ್ದಳು. ಕೆಲವರು ಗೊಣಗಿದರು. ತಮ್ಮ ಡ್ರಮ್ಮಿಗೆ ಇಣುಕಿದ ಮೇಲೆ ಅವರೂ ಬಾಯಿಮುಚ್ಚಿ ಬ್ರಷ್ ಹಿಡಿದರು. ಗಂಡ ಆಯಿಲನ್ನು ಡಿಪೋಗೇ ವಾಪಸ್ ಕಳಿಸಿದ.

ಓದುತ್ತಿರುವ ಅಕ್ಕ, ಅಣ್ಣ, ನೀರು ತುಂಬುವ ಪಾತ್ರೆಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ, ಮುಚ್ಚಿಡಿ. ಶಾಲೆಯವರು ಮಕ್ಕಳನ್ನು ಹೊಂಡಕ್ಕೋ ತೋಪಿಗೋ ಪಾಠಕ್ಕೆ ಕರೆದೊಯ್ದರೆ ತಡೆಯಬೇಡಿ, ನೀವೂ ಜೊತೆಗೆ ಹೋಗಿ. ನೀರಿನ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಿ. ಹಾಗೆ ನೋಡಿದ ನೀರನ್ನು ಕೆಡಿಸಲು ಯಾರಿಗೂ ಕೈ ಬರುವುದಿಲ್ಲ.